ಸ್ಮಾರಕಕ್ಕೆ ಜಾಗ, ಕಡತಕ್ಕೆ ಬೀಗ: ಮನಮೋಹನ್ ಸಿಂಗ್ ನಿಧನದ ನಂತರದ ವಿವಾದದಲ್ಲಿ ಏನಿದೆ?

ಮಾಜಿ ಪ್ರಧಾನಿ ಮನಮೋಹನ್ ಸಿಂಗ್ 2024ರ ಡಿಸೆಂಬರ್ 26ರ ರಾತ್ರಿ ದೆಹಲಿಯ ಏಮ್ಸ್‌ನಲ್ಲಿ ತೀರಿಕೊಂಡಾಗ ಅವರಿಗೆ 92 ವರ್ಷ. ಕೇಂದ್ರ ಸರ್ಕಾರ ಏಳು ದಿನಗಳ ಶೋಕಾಚರಣೆ ಘೋಷಿಸಿತು. ಪಕ್ಷಭೇದವಿಲ್ಲದೆ ಸಂತಾಪಗಳು ಬಂದವು. 28ರಂದು ನಿಗಮ್‌ಬೋಧ್ ಘಾಟ್‌ನಲ್ಲಿ ಸಕಲ ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ ನಡೆಯಿತು. ಆದರೆ ಚಿತೆಗೆ ಬೆಂಕಿ ಇಡುವ ಮೊದಲೇ ಜಗಳ ಶುರುವಾಗಿತ್ತು. ಸ್ಮಾರಕಕ್ಕೆ ಜಾಗ ಕೊಡುತ್ತೇವೆ ಎಂದು ಸರ್ಕಾರ ಹೇಳಿತು. ದೇಶದ ಮೊದಲ ಸಿಖ್ ಪ್ರಧಾನಿಗೆ ಅವಮಾನವಾಗಿದೆ ಎಂದು ಕಾಂಗ್ರೆಸ್ ಹೇಳಿತು. ನಿಮ್ಮದೇ ಪಕ್ಷದ ನರಸಿಂಹ ರಾವ್ ಅವರಿಗೆ ನೀವು ಏನು ಮಾಡಿದಿರಿ ಎಂದು ಬಿಜೆಪಿ ಕೇಳಿತು. 2025ರ ಜನವರಿ ಮೊದಲ ವಾರದಲ್ಲಿ, ಯಾರೂ ನಿರೀಕ್ಷಿಸದಿದ್ದಾಗ, ಮಾಜಿ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರ ಸ್ಮಾರಕಕ್ಕೆ ಜಾಗ ಮಂಜೂರಾದ ಸುದ್ದಿ ಬಂತು.

ಇಷ್ಟನ್ನೂ ಪತ್ರಿಕೆಯಲ್ಲಿ ಓದಿದವರಿಗೆ ಒಂದು ಪ್ರಶ್ನೆ ಉಳಿದೇ ಇದೆ. ಸರ್ಕಾರ ಜಾಗ ಕೊಡಲು ಒಪ್ಪಿದ ಮೇಲೆ ಜಗಳ ಯಾತಕ್ಕೆ?

ಒಂದೇ ಬೇಡಿಕೆಯಂತೆ ಕಂಡ ಎರಡು ಬೇಡಿಕೆಗಳು

ಕಾಂಗ್ರೆಸ್ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆ ಅವರು ಡಿಸೆಂಬರ್ 27ರಂದು ಪ್ರಧಾನಿ ನರೇಂದ್ರ ಮೋದಿ ಅವರಿಗೆ ಪತ್ರ ಬರೆದರು. ಸ್ಮಾರಕ ಕಟ್ಟಲು ಆಗುವಂಥ ಜಾಗದಲ್ಲೇ ಅಂತ್ಯಕ್ರಿಯೆ ನಡೆಯಲಿ ಎಂಬುದು ಅವರ ಕೋರಿಕೆ. ಅದೇ ದಿನ ತಡರಾತ್ರಿ ಗೃಹ ಸಚಿವಾಲಯ ಉತ್ತರ ಕೊಟ್ಟಿತು: ಸ್ಮಾರಕಕ್ಕೆ ಜಾಗ ನೀಡಲಾಗುವುದು, ಆದರೆ ಅದಕ್ಕೆ ಮೊದಲು ಟ್ರಸ್ಟ್ ರಚನೆಯಾಗಬೇಕು, ಜಾಗವನ್ನು ಅದಕ್ಕೆ ಹಂಚಬೇಕು, ಅಷ್ಟರಲ್ಲಿ ಅಂತ್ಯಕ್ರಿಯೆ ಮುಂತಾದ ವಿಧಿಗಳು ನಡೆಯಬಹುದು.

ಸರ್ಕಾರದ ದೃಷ್ಟಿಯಲ್ಲಿ ಅಂತ್ಯಕ್ರಿಯೆ ಒಂದು ವಿಷಯ, ಸ್ಮಾರಕ ಇನ್ನೊಂದು. ಕಾಂಗ್ರೆಸ್ ದೃಷ್ಟಿಯಲ್ಲಿ ಎರಡೂ ಒಂದೇ. ಯಾಕೆಂದರೆ ದೆಹಲಿಯಲ್ಲಿ ರಾಷ್ಟ್ರ ನಾಯಕರ ಸಮಾಧಿಗಳೆಂದು ನಾವು ಕರೆಯುವ ಜಾಗಗಳಲ್ಲಿ ಹೆಚ್ಚಿನವು ಅವರ ಚಿತೆ ಉರಿದ ಜಾಗಗಳೇ. ಚಿತೆ ಸಾರ್ವಜನಿಕ ಸ್ಮಶಾನದಲ್ಲಿ ಉರಿದರೆ ಮುಂದೆ ಕಟ್ಟುವ ಸ್ಮಾರಕ ಎಷ್ಟೇ ದೊಡ್ಡದಿರಲಿ, ಅದು ಆ ಸಾಲಿಗೆ ಸೇರುವುದಿಲ್ಲ ಎಂಬ ಭಾವನೆ ಕಾಂಗ್ರೆಸ್ಸಿನದು. ನಿಗಮ್‌ಬೋಧ್ ಘಾಟ್ ದೆಹಲಿಯ ಸಾಮಾನ್ಯರ ಸ್ಮಶಾನ. ಅಲ್ಲಿ ದಹನವಾಗುವುದರಲ್ಲಿ ಅಗೌರವವೇನೂ ಇಲ್ಲ. ಆದರೆ ದೆಹಲಿಯಲ್ಲಿ ಅಂತ್ಯಕ್ರಿಯೆ ನಡೆದ ಮಾಜಿ ಪ್ರಧಾನಿಗಳಿಗೆ ಹಿಂದೆ ಪ್ರತ್ಯೇಕ ಜಾಗ ಗುರುತಿಸಿ ಕೊಡುವ ರೂಢಿ ಇತ್ತು, ಅದು ಈ ಬಾರಿ ಮುರಿಯಿತು ಎಂಬುದು ಸತ್ಯ.

ರೂಢಿ ಬೆಳೆದದ್ದು ಹೇಗೆ

1948ರ ಜನವರಿ 31ರಂದು ಗಾಂಧೀಜಿಯ ದಹನ ನಡೆದ ಯಮುನಾ ದಂಡೆಯ ಜಾಗವೇ ರಾಜ್‌ಘಾಟ್ ಆಯಿತು. ಅದರ ನಿರ್ವಹಣೆಗೆಂದೇ ಸಂಸತ್ತು 1951ರಲ್ಲಿ ರಾಜ್‌ಘಾಟ್ ಸಮಾಧಿ ಕಾಯ್ದೆ ತಂದಿತು. ನಂತರದ ಸಮಾಧಿಗಳು ಬಂದದ್ದು ಆಯಾ ಹೊತ್ತಿನ ಸರ್ಕಾರದ ಆದೇಶದಿಂದ. ಯಾರಿಗೆ, ಎಷ್ಟು ಜಾಗ, ಎಷ್ಟು ದಿನದಲ್ಲಿ ಎಂದು ಹೇಳುವ ಕಾಯ್ದೆಯನ್ನು ಸಂಸತ್ತು ಮಾಡಲಿಲ್ಲ.

1964ರಲ್ಲಿ ತೀರಿಕೊಂಡ ನೆಹರೂ ತಮ್ಮ ಉಯಿಲಿನಲ್ಲಿ ಕೇಳಿಕೊಂಡಿದ್ದು ಬೇರೆ. ಚಿತಾಭಸ್ಮದ ಒಂದು ಹಿಡಿ ಗಂಗೆಗೆ, ಉಳಿದದ್ದು ರೈತರು ದುಡಿಯುವ ಹೊಲಗಳ ಮೇಲೆ ಎಂದು ಬರೆದಿದ್ದರು. ಧಾರ್ಮಿಕ ವಿಧಿಗಳೂ ಬೇಡ ಎಂದಿದ್ದರು. ಅವರ ಹೆಸರಿನಲ್ಲಿ ಶಾಂತಿವನ ಎದ್ದಿತು. ತಾಷ್ಕೆಂಟಿನಲ್ಲಿ 1966ರ ಜನವರಿ 11ರಂದು ತೀರಿಕೊಂಡ ಲಾಲ್ ಬಹದ್ದೂರ್ ಶಾಸ್ತ್ರಿಯವರಿಗೆ ವಿಜಯ್ ಘಾಟ್, ಇಂದಿರಾ ಅವರಿಗೆ ಶಕ್ತಿ ಸ್ಥಳ, ರಾಜೀವ್ ಅವರಿಗೆ ವೀರ ಭೂಮಿ, ಚರಣ್ ಸಿಂಗ್ ಅವರಿಗೆ ಕಿಸಾನ್ ಘಾಟ್, ಪ್ರಧಾನಿಯಾಗದೆ ಉಪ ಪ್ರಧಾನಿಯಾಗಿದ್ದ ಜಗಜೀವನ್ ರಾಂ ಅವರಿಗೆ ಸಮತಾ ಸ್ಥಳ, ರಾಷ್ಟ್ರಪತಿ ಜೈಲ್ ಸಿಂಗ್ ಅವರಿಗೆ ಏಕತಾ ಸ್ಥಳ. ಹೀಗೆ ಸಾಲು ಬೆಳೆದು ರಾಜಧಾನಿಯ ನದಿ ದಂಡೆಯಲ್ಲಿ ಇನ್ನೂರಕ್ಕೂ ಹೆಚ್ಚು ಎಕರೆ ಜಾಗವನ್ನು ತೆಗೆದುಕೊಂಡಿದೆ.

ಈ ಸಾಲಿನಲ್ಲಿ ಯಾರಿಲ್ಲ ಎಂಬುದನ್ನೂ ನೋಡಬೇಕು. 1950ರ ಡಿಸೆಂಬರ್ 15ರಂದು ಮುಂಬೈಯಲ್ಲಿ ತೀರಿಕೊಂಡ ಸರ್ದಾರ್ ಪಟೇಲರ ಅಂತ್ಯಕ್ರಿಯೆ ಅಲ್ಲಿಯೇ ನಡೆಯಿತು. ಮೊರಾರ್ಜಿ ದೇಸಾಯಿ ಅವರ ಸಮಾಧಿ ಅಹಮದಾಬಾದಿನಲ್ಲಿದೆ. ವಿ.ಪಿ. ಸಿಂಗ್ ಅವರ ದಹನ 2008ರಲ್ಲಿ ಅಲಹಾಬಾದಿನಲ್ಲಿ ನಡೆಯಿತು. ಎಂಟು ತಿಂಗಳೂ ಪ್ರಧಾನಿಯಾಗಿರದ ಚಂದ್ರಶೇಖರ್ ಅವರಿಗೆ ದೆಹಲಿಯಲ್ಲಿ ಜನನಾಯಕ ಸ್ಥಳವಿದೆ. ಮಂಡಲ್ ವರದಿ ಜಾರಿ ಮಾಡಿ ಉತ್ತರ ಭಾರತದ ರಾಜಕೀಯವನ್ನೇ ಬದಲಿಸಿದ ವಿ.ಪಿ. ಸಿಂಗ್ ಅವರಿಗೆ ಆ ಸಾಲಿನಲ್ಲಿ ಏನೂ ಇಲ್ಲ. ಅವರ ಪ್ರತಿಮೆಯನ್ನು 2023ರಲ್ಲಿ ಸರ್ಕಾರವೊಂದು ನಿಲ್ಲಿಸಿದ್ದು ಚೆನ್ನೈನಲ್ಲಿ. ಕಾರಣ ಸರಳ. ಹಿಂದುಳಿದ ವರ್ಗಗಳ ಮೀಸಲಾತಿ ತಮಿಳುನಾಡಿನ ದ್ರಾವಿಡ ಪಕ್ಷಗಳಿಗೆ ಇಂದಿಗೂ ಜೀವಂತ ರಾಜಕಾರಣ. ಸತ್ತ ನಾಯಕನ ನೆನಪನ್ನು ಮುಂದಕ್ಕೆ ಒಯ್ಯಲು ಬದುಕಿರುವ ಯಾರಿಗಾದರೂ ಅದರಿಂದ ಉಪಯೋಗವಾಗಬೇಕು. ಕುಟುಂಬವೋ ಪಕ್ಷವೋ ಸಮುದಾಯವೋ ಬೆನ್ನಿಗಿಲ್ಲದ ನಾಯಕ, ಎಷ್ಟೇ ದೊಡ್ಡ ನಿರ್ಧಾರ ತೆಗೆದುಕೊಂಡಿದ್ದರೂ, ಪಟ್ಟಿಯಿಂದ ಜಾರಿ ಹೋಗುತ್ತಾನೆ.

ನರಸಿಂಹ ರಾವ್ ಪ್ರಕರಣ ಪದೇ ಪದೇ ಯಾಕೆ ಬರುತ್ತದೆ

ಹೀಗೆ ಜಾರಿ ಹೋದವರಲ್ಲಿ ಎಲ್ಲರಿಗೂ ನೆನಪಾಗುವ ಹೆಸರು ಪಿ.ವಿ. ನರಸಿಂಹ ರಾವ್ ಅವರದು. ಅವರು 2004ರ ಡಿಸೆಂಬರ್ 23ರಂದು ದೆಹಲಿಯಲ್ಲಿ ತೀರಿಕೊಂಡರು. ಆಗ ಕೇಂದ್ರದಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರವಿತ್ತು, ಪ್ರಧಾನಿ ಸ್ವತಃ ಮನಮೋಹನ್ ಸಿಂಗ್. ರಾವ್ ಅವರ ಪಾರ್ಥಿವ ಶರೀರ ಅಕ್ಬರ್ ರಸ್ತೆಯ ಕಾಂಗ್ರೆಸ್ ಕಚೇರಿಯ ಬಾಗಿಲವರೆಗೆ ಬಂತು, ಒಳಗೆ ಹೋಗಲಿಲ್ಲ. ಅಲ್ಲಿಂದ ಹೈದರಾಬಾದಿಗೆ ಒಯ್ದು ಹುಸೇನ್ ಸಾಗರದ ದಂಡೆಯಲ್ಲಿ ದಹನ ಮಾಡಲಾಯಿತು. ಐದು ವರ್ಷ ದೇಶ ಆಳಿದ ಪ್ರಧಾನಿಗೆ ಅವರದೇ ಪಕ್ಷ ಮಾಡಿದ ಈ ಅಗೌರವಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇದರ ಹಿಂದಿನ ಲೆಕ್ಕಾಚಾರ ಗೊತ್ತಿರುವುದೇ. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿದಾಗ ಪ್ರಧಾನಿಯಾಗಿದ್ದವರು ರಾವ್. ಅವರನ್ನು ಹೊಗಳಿದರೆ ಮುಸ್ಲಿಂ ಮತದಾರರು ದೂರವಾದಾರು ಎಂಬ ಆತಂಕ ಪಕ್ಷಕ್ಕಿತ್ತು. ಅದಲ್ಲದೆ ನೆಹರೂ ಕುಟುಂಬದ ಆಸರೆಯಿಲ್ಲದೆ ಪೂರ್ಣಾವಧಿ ಮುಗಿಸಿದ ಕಾಂಗ್ರೆಸ್ ಪ್ರಧಾನಿ ಅವರು. ಪಕ್ಷದ ಕಥೆಯಲ್ಲಿ ಅವರಿಗೆ ಜಾಗ ಮಾಡಿಕೊಡುವುದು ಸುಲಭವಿರಲಿಲ್ಲ.

ಕಾಂಗ್ರೆಸ್ ಬಿಟ್ಟುಕೊಟ್ಟದ್ದನ್ನು ಬಿಜೆಪಿ ಎತ್ತಿಕೊಂಡಿತು. 2015ರಲ್ಲಿ ಮೋದಿ ಸರ್ಕಾರ ದೆಹಲಿಯ ಏಕತಾ ಸ್ಥಳದಲ್ಲಿ ರಾವ್ ಸ್ಮಾರಕ ಮಾಡಿಸಿತು, 2024ರಲ್ಲಿ ಭಾರತ ರತ್ನವನ್ನೂ ಕೊಟ್ಟಿತು. ಚರಣ್ ಸಿಂಗ್ ಅವರಿಗೆ ಅದೇ ವರ್ಷ ಭಾರತ ರತ್ನ ಬಂತು. ಪಟೇಲರ 182 ಮೀಟರ್ ಎತ್ತರದ ಪ್ರತಿಮೆ 2018ರಲ್ಲಿ ಎದ್ದದ್ದೂ ಇದೇ ಸರಣಿಯಲ್ಲಿ. ಇವರೆಲ್ಲ ಕಾಂಗ್ರೆಸ್ಸಿನಲ್ಲಿ ಬೆಳೆದವರು, ಆದರೆ ನೆಹರೂ ಕುಟುಂಬದ ನೆರಳಿನಲ್ಲಿ ಕಳೆದುಹೋದವರು ಎಂಬ ಕಥನ ಬಿಜೆಪಿಗೆ ಎರಡು ಲಾಭ ತರುತ್ತದೆ. ಎದುರಾಳಿಯ ಇತಿಹಾಸದಿಂದ ಒಂದು ಪಾಲು ಸಿಗುತ್ತದೆ, ಎದುರಾಳಿಯ ಕುಟುಂಬ ರಾಜಕಾರಣವನ್ನು ಟೀಕಿಸಲು ದಾರಿಯೂ ಸಿಗುತ್ತದೆ. ಪ್ರಣವ್ ಮುಖರ್ಜಿ ಅವರಿಗೆ ಜಾಗ ಸಿಕ್ಕಿರುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅವರು 2020ರ ಆಗಸ್ಟ್ 31ರಂದು ತೀರಿಕೊಂಡವರು. ನಾಲ್ಕು ವರ್ಷ ಸುಮ್ಮನಿದ್ದ ವಿಷಯ 2025ರ ಜನವರಿಯಲ್ಲಿ ತೀರ್ಮಾನವಾಯಿತು. ತಂದೆ ತೀರಿಕೊಂಡಾಗ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಸಂತಾಪ ಸಭೆಯನ್ನೂ ಕರೆಯಲಿಲ್ಲ ಎಂದು ಮಗಳು ಶರ್ಮಿಷ್ಠಾ ಮುಖರ್ಜಿ ಬಹಿರಂಗವಾಗಿ ಹೇಳಿ ಕೆಲವೇ ದಿನಗಳಾಗಿದ್ದವು. ಮುಖರ್ಜಿ ಅವರಿಗೆ ಸ್ಮಾರಕ ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಅದು ಬಂದ ಹೊತ್ತು ಮಾತ್ರ ಯೋಚನೆಗೆ ಹಚ್ಚುತ್ತದೆ.

2013ರ ನಿರ್ಧಾರ ನಿಜಕ್ಕೂ ಏನು

ಈ ವಿವಾದದಲ್ಲಿ ಅತಿ ಹೆಚ್ಚು ತಪ್ಪಾಗಿ ಉಲ್ಲೇಖವಾದ ಸಂಗತಿ ಇದು. ಪ್ರತ್ಯೇಕ ಸ್ಮಾರಕ ಬೇಡ ಎಂದು ಮನಮೋಹನ್ ಸಿಂಗ್ ಸರ್ಕಾರವೇ ತೀರ್ಮಾನಿಸಿತ್ತು, ಈಗ ಕಾಂಗ್ರೆಸ್ ಅದನ್ನೇ ಕೇಳುತ್ತಿದೆ ಎಂಬ ಮಾತು ಹರಿದಾಡಿತು. ಅದರಲ್ಲಿ ಅರ್ಧ ಮಾತ್ರ ಸರಿ.

2013ರ ಮೇ ತಿಂಗಳಲ್ಲಿ ಸಿಂಗ್ ಅವರ ಯುಪಿಎ ಸಂಪುಟ ತೆಗೆದುಕೊಂಡ ನಿರ್ಧಾರ ಹೀಗಿತ್ತು: ನದಿ ದಂಡೆಯಲ್ಲಿ ಜಾಗ ಮುಗಿಯುತ್ತಿದೆ, ಆದ್ದರಿಂದ ಒಬ್ಬೊಬ್ಬರಿಗೂ ಒಂದೊಂದು ಸಮಾಧಿ ಸಂಕೀರ್ಣ ಮಾಡುವ ಬದಲು ಏಕತಾ ಸ್ಥಳದ ಬಳಿ ರಾಷ್ಟ್ರೀಯ ಸ್ಮೃತಿ ಸ್ಥಳ ಎಂಬ ಒಂದು ಸಾಮಾನ್ಯ ಆವರಣ ಇರಲಿ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿಯಂಥ ಸ್ಥಾನದಲ್ಲಿದ್ದ ನಾಯಕರ ಅಂತ್ಯಕ್ರಿಯೆ ಮತ್ತು ಸ್ಮಾರಕಕ್ಕೆ ಅದು ಜಾಗವಾಗಲಿ. ಅಂದರೆ ಸ್ಮಾರಕ ಬೇಡ ಎಂದು ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಒಂದೇ ಕಡೆ ಇರಲಿ ಎಂದಿದ್ದರು. ಇದು ವಿವೇಕದ ನಿರ್ಧಾರ. ದೆಹಲಿಯಂಥ ನಗರಕ್ಕೆ ನದಿ ಪಕ್ಕದ ತೆರೆದ ಬಯಲು ಎಷ್ಟು ಮುಖ್ಯ ಎಂಬುದನ್ನು ಗಮನದಲ್ಲಿಟ್ಟರೆ ಇಂಥ ನಿರ್ಧಾರ ಇನ್ನೂ ಮೊದಲೇ ಬರಬೇಕಿತ್ತು.

ಇದಕ್ಕೆ ಸಮಾನಾಂತರವಾಗಿ ಬಂಗಲೆಗಳ ಕಥೆಯೂ ಇದೆ. ನೆಹರೂ ಇದ್ದ ತೀನ್ ಮೂರ್ತಿ ಭವನ, ಇಂದಿರಾ ಇದ್ದ ಸಫ್ದರ್‌ಜಂಗ್ ರಸ್ತೆಯ ಮನೆ ಸ್ಮಾರಕಗಳಾದ ಮೇಲೆ ಪ್ರತಿ ಪಕ್ಷವೂ ತನ್ನ ನಾಯಕರ ಸರ್ಕಾರಿ ಮನೆಯನ್ನು ಕೇಳತೊಡಗಿತು. 2000ನೇ ಇಸವಿಯಲ್ಲಿ ವಾಜಪೇಯಿ ಸಂಪುಟ ಅದಕ್ಕೆ ತಡೆ ಹಾಕಿತು. 2013ರಲ್ಲಿ ಸುಪ್ರೀಂ ಕೋರ್ಟ್ ಸಹ ಸರ್ಕಾರಿ ವಸತಿಗಳನ್ನು ಸ್ಮಾರಕವಾಗಿಸಬಾರದು ಎಂದಿತು. ಆ ತೀರ್ಪು ಬಂದದ್ದು ಕರ್ನಾಟಕದಿಂದ ಹೋದ, ಕೆಎಸ್‌ಆರ್‌ಟಿಸಿ ಅಧಿಕಾರಿಯೊಬ್ಬರು ಎದುರುವಾದಿಯಾಗಿದ್ದ ಪ್ರಕರಣದಲ್ಲಿ. 2014ರಲ್ಲಿ ಚರಣ್ ಸಿಂಗ್ ಇದ್ದ ಮನೆಯನ್ನು ಸ್ಮಾರಕ ಮಾಡಬೇಕೆಂಬ ಬೇಡಿಕೆ ಎದ್ದಾಗ ಮೋದಿ ಸರ್ಕಾರ ಇದೇ ನೀತಿಯನ್ನು ಮುಂದಿಟ್ಟು ನಿರಾಕರಿಸಿತು. ಮನೆಗಳ ವಿಷಯದಲ್ಲಿ ನಿಯಮ ಸ್ಪಷ್ಟವಿದ್ದುದರಿಂದ ಆ ಗಲಾಟೆ ಬೇಗ ತಣ್ಣಗಾಯಿತು ಎಂಬುದನ್ನು ಇಲ್ಲಿ ನೆನಪಿಡಬೇಕು.

ರಾಷ್ಟ್ರೀಯ ಸ್ಮೃತಿ ಸ್ಥಳದ ಮೊದಲ ದೊಡ್ಡ ಪರೀಕ್ಷೆ ಬಂದದ್ದು 2018ರ ಆಗಸ್ಟ್‌ನಲ್ಲಿ. 16ರಂದು ವಾಜಪೇಯಿ ತೀರಿಕೊಂಡರು, ಮರುದಿನವೇ ಅಲ್ಲಿ ದಹನ ನಡೆಯಿತು. ಅದೇ ವರ್ಷದ ಡಿಸೆಂಬರ್ 25ರಂದು, ಅವರ ಜನ್ಮದಿನಕ್ಕೆ, ಸುಮಾರು 1.5 ಎಕರೆಯಲ್ಲಿ 'ಸದೈವ ಅಟಲ್' ಸಮಾಧಿ ಉದ್ಘಾಟನೆಯಾಯಿತು. ಖರ್ಚಾದ ₹10.51 ಕೋಟಿಯನ್ನು ಅಟಲ್ ಸ್ಮೃತಿ ನ್ಯಾಸ್ ಸೊಸೈಟಿ ಭರಿಸಿತು. ಜಾಗ ಸರ್ಕಾರದ್ದು, ಹಣ ಸಂಸ್ಥೆಯದು. ಗೃಹ ಸಚಿವಾಲಯ ಹೇಳಿದ ಟ್ರಸ್ಟ್ ಮಾತಿನ ಮೂಲ ಇಲ್ಲಿದೆ.

ಯಾರ ವಾದಕ್ಕೆ ಎಷ್ಟು ತೂಕ

ಟ್ರಸ್ಟ್ ಬೇಕೆಂಬ ಸರ್ಕಾರದ ಮಾತು ಸುಳ್ಳಲ್ಲ. ಆದರೆ ವಾಜಪೇಯಿ ಅವರ ಅಂತ್ಯಕ್ರಿಯೆ ಟ್ರಸ್ಟಿಗಾಗಿ ಕಾಯಲಿಲ್ಲ. ರಾಷ್ಟ್ರೀಯ ಸ್ಮೃತಿ ಸ್ಥಳ ಇರುವುದೇ ಇಂಥ ಸಂದರ್ಭಕ್ಕಾಗಿ. 2013ರ ನೀತಿಯನ್ನು ಪಾಲಿಸುವುದೇ ಉದ್ದೇಶವಾಗಿದ್ದರೆ ಮನಮೋಹನ್ ಸಿಂಗ್ ಅವರ ಅಂತ್ಯಕ್ರಿಯೆ ಅಲ್ಲಿಯೇ ನಡೆಯಬೇಕಿತ್ತು, ಆಗ ಈ ಜಗಳಕ್ಕೆ ಅವಕಾಶವೇ ಇರುತ್ತಿರಲಿಲ್ಲ. ನಿಗಮ್‌ಬೋಧ್ ಘಾಟ್ ಯಾಕೆ ಎಂಬ ಪ್ರಶ್ನೆಗೆ ಸಚಿವಾಲಯದ ಹೇಳಿಕೆಯಲ್ಲಿ ನೇರ ಉತ್ತರ ಸಿಗುವುದಿಲ್ಲ.

ಕಾಂಗ್ರೆಸ್ ವಾದದ ದೌರ್ಬಲ್ಯ ಬೇರೆ ಕಡೆ ಇದೆ. ಪರಂಪರೆ ಎಂದು ಅದು ಹೇಳುವುದನ್ನು ರಾವ್ ವಿಷಯದಲ್ಲಿ ಅದೇ ಮುರಿದಿತ್ತು. 2004ರಿಂದ 2014ರವರೆಗೆ ಹತ್ತು ವರ್ಷ ಅಧಿಕಾರವಿದ್ದಾಗ ಅದನ್ನು ಸರಿಪಡಿಸಲೂ ಇಲ್ಲ, ಅಂತ್ಯಕ್ರಿಯೆ ಮತ್ತು ಸ್ಮಾರಕದ ಬಗ್ಗೆ ಕಾಯ್ದೆಯನ್ನೂ ಮಾಡಲಿಲ್ಲ. ಸಂಪುಟದ ನಿರ್ಧಾರವನ್ನು ಮುಂದಿನ ಸಂಪುಟ ತನಗೆ ಬೇಕಾದಂತೆ ಅರ್ಥೈಸಬಹುದು. ಕಾಯ್ದೆಯಾಗಿದ್ದರೆ ಹಾಗೆ ಮಾಡುವುದು ಕಷ್ಟವಾಗುತ್ತಿತ್ತು.

ಗಮನಕ್ಕೆ ಬಾರದ ಇನ್ನೊಂದು ಮಗ್ಗುಲಿದೆ. ದಹನದ ಜಾಗದಲ್ಲಿ ಸ್ಮಾರಕ ಕಟ್ಟುವುದನ್ನು ಸಿಖ್ಖರ ನಡಾವಳಿ ಸಂಹಿತೆಯಾದ ರೆಹತ್ ಮರ್ಯಾದಾ ಒಪ್ಪುವುದಿಲ್ಲ. ಸಿಖ್ಖರಾಗಿದ್ದ ಜೈಲ್ ಸಿಂಗ್ ಅವರ ಏಕತಾ ಸ್ಥಳ ಇರುವುದರಿಂದ ಅದನ್ನು ಕಟ್ಟುನಿಟ್ಟಾಗಿ ಎಲ್ಲರೂ ಅನ್ವಯಿಸುತ್ತಾರೆ ಎಂದು ಹೇಳಲಾಗದು. ಆದರೂ ಸಿಖ್ ಪ್ರಧಾನಿಯ ಗೌರವದ ಹೆಸರಿನಲ್ಲಿ ನಡೆದ ಚರ್ಚೆಯಲ್ಲಿ ಸಿಖ್ ಸಂಪ್ರದಾಯ ಏನು ಹೇಳುತ್ತದೆ ಎಂದು ಕೇಳಿದವರು ಕಡಿಮೆ.

1991 ಯಾರದು?

ಜಾಗದ ಜಗಳದ ಕೆಳಗೆ ಇನ್ನೊಂದು ಜಗಳವಿದೆ. ಮನಮೋಹನ್ ಸಿಂಗ್ ಬಿಟ್ಟುಹೋದದ್ದರಲ್ಲಿ ಯಾರ ಪಾಲು ಎಷ್ಟು?

1991ರ ಜುಲೈ 24ರಂದು ಹಣಕಾಸು ಸಚಿವರಾಗಿ ಅವರು ಮಂಡಿಸಿದ ಬಜೆಟ್, ಉದ್ಯಮಕ್ಕೆ ಸರ್ಕಾರದ ಪರವಾನಗಿ ಬೇಕಿದ್ದ ಲೈಸೆನ್ಸ್ ರಾಜ್ಯದ ಅಂತ್ಯದ ಆರಂಭ ಎಂಬುದನ್ನು ಇಂದು ಹೆಚ್ಚಿನವರು ಒಪ್ಪುತ್ತಾರೆ. ಆದರೆ ಆ ಬಜೆಟ್ಟಿಗೆ ರಾಜಕೀಯ ರಕ್ಷಣೆ ಕೊಟ್ಟವರು ಬಹುಮತವಿಲ್ಲದ ಸರ್ಕಾರ ನಡೆಸುತ್ತಿದ್ದ ರಾವ್. ಸಿಂಗ್ ಅವರನ್ನು ಮಾತ್ರ ಹೊಗಳಿದರೆ ರಾವ್ ಮರೆಯಾಗುತ್ತಾರೆ, ರಾವ್ ಅವರನ್ನು ಮಾತ್ರ ಹೊಗಳಿದರೆ ಸಿಂಗ್ ಬರೀ ಅಧಿಕಾರಿಯಾಗಿ ಕಾಣುತ್ತಾರೆ. ಕಾಂಗ್ರೆಸ್ ಮೊದಲನೆಯದನ್ನು ಮಾಡುತ್ತ ಬಂದಿದೆ, ಬಿಜೆಪಿ ಎರಡನೆಯದನ್ನು. ಇಬ್ಬರೂ ಸೇರಿ ಮಾಡಿದ ಕೆಲಸವನ್ನು ಇಬ್ಬರಿಗೂ ಸಲ್ಲಿಸಲು ಯಾವ ಪಕ್ಷಕ್ಕೂ ಮನಸ್ಸಿಲ್ಲ.

ಪ್ರಧಾನಿಯಾಗಿದ್ದ ದಶಕದ ಬಗ್ಗೆ ಅಭಿಪ್ರಾಯಗಳು ಇನ್ನೂ ದೂರ ದೂರ. ಮಾಹಿತಿ ಹಕ್ಕು ಕಾಯ್ದೆ, ಉದ್ಯೋಗ ಖಾತರಿ ಕಾಯ್ದೆ ಎರಡೂ 2005ರವು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ, 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ, 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂದವು. ಅಮೆರಿಕದೊಂದಿಗಿನ ಅಣು ಒಪ್ಪಂದಕ್ಕಾಗಿ ಎಡಪಕ್ಷಗಳ ಬೆಂಬಲ ಕಳೆದುಕೊಂಡು 2008ರ ಜುಲೈ 22ರಂದು ವಿಶ್ವಾಸಮತ ಗೆದ್ದದ್ದೂ ಇದೇ ಅವಧಿ. ಇನ್ನೊಂದು ಪಕ್ಕದಲ್ಲಿ 2ಜಿ ತರಂಗಾಂತರ ಮತ್ತು ಕಲ್ಲಿದ್ದಲು ಹಂಚಿಕೆಯ ಆರೋಪಗಳು, ಏರಿದ ಬೆಲೆಗಳು. 2013ರಲ್ಲಿ ಅವರ ಸಂಪುಟ ತಂದ ಸುಗ್ರೀವಾಜ್ಞೆಯನ್ನು ಅವರದೇ ಪಕ್ಷದ ರಾಹುಲ್ ಗಾಂಧಿ ಹರಿದೆಸೆಯಬೇಕು ಎಂದು ಬಹಿರಂಗವಾಗಿ ಹೇಳಿದ ಘಟನೆಯೂ ಇದೆ. 2014ರ ಜನವರಿಯ ಪತ್ರಿಕಾಗೋಷ್ಠಿಯಲ್ಲಿ, ಇಂದಿನ ಮಾಧ್ಯಮಗಳಿಗಿಂತ ಇತಿಹಾಸ ತಮ್ಮ ಬಗ್ಗೆ ಹೆಚ್ಚು ದಯೆ ತೋರೀತು ಎಂಬ ಅರ್ಥದ ಮಾತನ್ನು ಅವರು ಆಡಿದ್ದರು.

ಮರಣಾನಂತರದ ಹೊಗಳಿಕೆಯಲ್ಲಿ ಈ ಎರಡನೆಯ ಪಕ್ಕ ಹೆಚ್ಚುಕಡಿಮೆ ಕಾಣಿಸಲೇ ಇಲ್ಲ. 2015ರ ಫೆಬ್ರುವರಿಯಲ್ಲಿ ಲೋಕಸಭೆಯಲ್ಲಿ ಮೋದಿ ಅವರು ಉದ್ಯೋಗ ಖಾತರಿ ಯೋಜನೆಯನ್ನು ಕಾಂಗ್ರೆಸ್ ವೈಫಲ್ಯದ ಜೀವಂತ ಸ್ಮಾರಕವಾಗಿ ಉಳಿಸಿಕೊಳ್ಳುತ್ತೇನೆ ಎಂದಿದ್ದರು. ಕೋವಿಡ್ ವರ್ಷವಾದ 2020-21ರಲ್ಲಿ ಊರಿಗೆ ಮರಳಿದ ಕಾರ್ಮಿಕರನ್ನು ಕಾಪಾಡಲು ಅವರದೇ ಸರ್ಕಾರ ಆ ಯೋಜನೆಗೆ ₹1 ಲಕ್ಷ ಕೋಟಿಗೂ ಹೆಚ್ಚು ಖರ್ಚು ಮಾಡಿತು. ಒಂದು ಕಾಯ್ದೆಯ ಬಗ್ಗೆ ಐದು ವರ್ಷದಲ್ಲಿ ಇಷ್ಟು ಬದಲಾವಣೆ ಆಗಬಹುದಾದರೆ, ಒಬ್ಬ ನಾಯಕನ ಬಗ್ಗೆ ಸತ್ತ ವಾರದಲ್ಲೇ ತೀರ್ಪು ಕೊಡುವುದು ಎಷ್ಟು ಸರಿ?

ತೀರ್ಪಿಗೆ ಬೇಕಾದದ್ದು ಕಾಗದ

ಇತಿಹಾಸ ದಯೆ ತೋರುವುದೋ ಇಲ್ಲವೋ ಎಂಬುದು ಅದರ ಕೈಗೆ ಯಾವ ದಾಖಲೆಗಳು ಸಿಗುತ್ತವೆ ಎಂಬುದನ್ನು ಅವಲಂಬಿಸಿದೆ. ಸ್ಮಾರಕದ ಗಲಾಟೆಗೆ ಹತ್ತೇ ದಿನ ಮೊದಲು ಅದೇ ಡಿಸೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂದು ಹೋಗಿತ್ತು. ನೆಹರೂ ಅವರ ಖಾಸಗಿ ಪತ್ರಗಳಿದ್ದ 51 ಪೆಟ್ಟಿಗೆಗಳನ್ನು 2008ರಲ್ಲಿ ಸೋನಿಯಾ ಗಾಂಧಿ ಅವರ ಕಡೆಗೆ ಒಯ್ಯಲಾಗಿತ್ತು, ಅವನ್ನು ಅಥವಾ ಅವುಗಳ ಪ್ರತಿಗಳನ್ನು ವಾಪಸ್ ಕೊಡಿ ಎಂದು ಪ್ರಧಾನಮಂತ್ರಿ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯದ ಸದಸ್ಯರೊಬ್ಬರು ಪತ್ರ ಬರೆದಿದ್ದರು. ಇದು ತೀನ್ ಮೂರ್ತಿಯ ಅದೇ ನೆಹರೂ ಸಂಸ್ಥೆ, 2023ರಲ್ಲಿ ಹೆಸರು ಬದಲಾಗಿದೆ. ಬಿಜೆಪಿ ಈ ವಿಷಯವನ್ನು ಲೋಕಸಭೆಯಲ್ಲಿ ಎತ್ತಿತು, ಕಾಂಗ್ರೆಸ್ ರಾಜಕೀಯ ಪ್ರೇರಿತ ಎಂದಿತು. ಎರಡು ದಿನದಲ್ಲಿ ಸುದ್ದಿ ಮರೆಯಾಯಿತು.

ಮರೆಯಬಾರದಿದ್ದ ಸುದ್ದಿ ಅದು. ದೇಶದ ಮೊದಲ ಪ್ರಧಾನಿಯ ಪತ್ರಗಳು ದೇಶದ್ದೋ ಕುಟುಂಬದ್ದೋ ಎಂಬುದಕ್ಕೆ ನಮ್ಮಲ್ಲಿ ಕಾನೂನಿನ ಉತ್ತರವಿಲ್ಲ. ಕಚೇರಿಯ ಕಡತಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. 25 ವರ್ಷ ದಾಟಿದ, ರಾಷ್ಟ್ರೀಯ ಪತ್ರಾಗಾರಕ್ಕೆ ಬಂದ ದಾಖಲೆಗಳನ್ನು ಸಂಶೋಧಕರು ನೋಡಬಹುದು. ಆದರೆ ಕಡತ ಅಲ್ಲಿಗೆ ಬರಬೇಕಲ್ಲ? ಗೋಪ್ಯ ಎಂಬ ಮುದ್ರೆ ತೆಗೆಯುವುದು ಆಯಾ ಇಲಾಖೆಯ ಇಚ್ಛೆ. ಸುಭಾಷ್‌ಚಂದ್ರ ಬೋಸ್ ಅವರಿಗೆ ಸಂಬಂಧಿಸಿದ 100 ಕಡತಗಳ ಮೊದಲ ಕಂತು ಹೊರಬಂದದ್ದು 2016ರ ಜನವರಿ 23ರಂದು, ಅವರು ಕಣ್ಮರೆಯಾಗಿ 70 ವರ್ಷ ಕಳೆದ ಮೇಲೆ. ಅಷ್ಟು ಕಾಲ ಕಡತ ಮುಚ್ಚಿಟ್ಟದ್ದರಿಂದ ಊಹಾಪೋಹ ಬೆಳೆದು ಒಂದು ಉದ್ಯಮವೇ ಆಯಿತು.

ಖಾಸಗಿ ಪತ್ರ, ಟಿಪ್ಪಣಿ, ದಿನಚರಿಗಳಿಗಂತೂ ಯಾವ ನಿಯಮವೂ ಇಲ್ಲ. ಅಮೆರಿಕದಲ್ಲಿ 1978ರ ಅಧ್ಯಕ್ಷೀಯ ದಾಖಲೆಗಳ ಕಾಯ್ದೆಯ ಪ್ರಕಾರ ಅಧ್ಯಕ್ಷರ ಅಧಿಕೃತ ಕಾಗದಗಳು ಮೊದಲಿಂದಲೂ ರಾಷ್ಟ್ರದ ಸ್ವತ್ತು, ಅಧಿಕಾರ ಮುಗಿದ ಕೂಡಲೇ ಅವು ಅಲ್ಲಿನ ರಾಷ್ಟ್ರೀಯ ಪತ್ರಾಗಾರದ ವಶಕ್ಕೆ ಹೋಗುತ್ತವೆ. ನಮ್ಮಲ್ಲಿ ಪ್ರಧಾನಿಯ ಮನೆಯಿಂದ ಯಾವ ಪೆಟ್ಟಿಗೆ ಎಲ್ಲಿಗೆ ಹೋಯಿತು ಎಂದು ಕೇಳುವ ಅಧಿಕಾರ ಯಾರಿಗಿದೆ ಎಂಬುದೇ ಸ್ಪಷ್ಟವಿಲ್ಲ.

ದಾಖಲೆ ತೆರೆದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಂಬೇಡ್ಕರ್ ಸಾಕ್ಷಿ. 1956ರ ಡಿಸೆಂಬರ್ 6ರಂದು ಅವರು ದೆಹಲಿಯಲ್ಲಿ ತೀರಿಕೊಂಡಾಗ ಯಮುನಾ ದಂಡೆಯಲ್ಲಿ ಯಾರೂ ಜಾಗ ಗುರುತಿಸಲಿಲ್ಲ. ಮುಂಬೈಯ ದಾದರ್ ಕಡಲ ದಂಡೆಯಲ್ಲಿ ದಹನವಾಯಿತು, ಅಲ್ಲಿ ಎದ್ದ ಚೈತ್ಯಭೂಮಿಗೆ ಪ್ರತಿವರ್ಷ ಲಕ್ಷಾಂತರ ಜನ ಬರುತ್ತಾರೆ. ಭಾರತ ರತ್ನ ಬಂದದ್ದು 34 ವರ್ಷ ತಡವಾಗಿ, 1990ರಲ್ಲಿ. ಆದರೆ 1979ರಿಂದ ಮಹಾರಾಷ್ಟ್ರ ಸರ್ಕಾರ ಅವರ ಬರಹ-ಭಾಷಣಗಳ ಸಂಪುಟಗಳನ್ನು ಹೊರತರತೊಡಗಿತು, ಕನ್ನಡಕ್ಕೂ ಅವು ಬಂದವು. 2024ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಗೃಹ ಸಚಿವ ಅಮಿತ್ ಶಾ ಅಂಬೇಡ್ಕರ್ ಹೆಸರು ಹೇಳುವುದು ಒಂದು ಫ್ಯಾಷನ್ ಆಗಿದೆ ಎಂದಾಗ ಎದ್ದ ಪ್ರತಿಭಟನೆಯನ್ನು ನೋಡಿ. ಅಂಬೇಡ್ಕರ್ ಕಾಂಗ್ರೆಸ್ ಬಗ್ಗೆ ಏನು ಬರೆದಿದ್ದರು, ಹಿಂದೂ ಧರ್ಮದ ಬಗ್ಗೆ ಏನು ಹೇಳಿದ್ದರು ಎಂದು ಎರಡೂ ಕಡೆಯವರು ಸಂಪುಟಗಳಿಂದಲೇ ಉದ್ಧರಿಸಿದರು. ಯಾರಾದರೂ ತಿರುಚಿದರೆ ಹಳ್ಳಿಯ ಗ್ರಂಥಾಲಯದಲ್ಲಿ ಕೂತ ವಿದ್ಯಾರ್ಥಿಯೂ ಪುಟ ತೆರೆದು ತೋರಿಸಬಲ್ಲ. ಮನಮೋಹನ್ ಸಿಂಗ್ ವಿಷಯದಲ್ಲಿ ಆ ಅವಕಾಶ ನಮಗಿಲ್ಲ. ಅವರು ಯಾವ ನಿರ್ಧಾರವನ್ನು ತಾವೇ ತೆಗೆದುಕೊಂಡರು, ಯಾವುದಕ್ಕೆ ಒತ್ತಡದಿಂದ ಒಪ್ಪಿದರು ಎಂಬುದು ಕಡತಗಳಲ್ಲಿದೆ.

ಆ ಕಡತಗಳನ್ನು ತೆರೆಯುವ ಒಂದು ಕೀಲಿಯನ್ನು ಅವರ ಸರ್ಕಾರವೇ ಜನರಿಗೆ ಕೊಟ್ಟಿತ್ತು ಎಂಬುದು ಅವರ ಹೆಚ್ಚುಗಾರಿಕೆ. 2ಜಿ ಕುರಿತು ಹಣಕಾಸು ಸಚಿವಾಲಯ 2011ರ ಮಾರ್ಚ್‌ನಲ್ಲಿ ಪ್ರಧಾನಿ ಕಚೇರಿಗೆ ಕಳಿಸಿದ್ದ ಟಿಪ್ಪಣಿ ಅದೇ ವರ್ಷ ಮಾಹಿತಿ ಹಕ್ಕಿನಡಿ ಹೊರಬಂದು ಅವರದೇ ಸರ್ಕಾರವನ್ನು ಇಕ್ಕಟ್ಟಿಗೆ ಸಿಲುಕಿಸಿತು. ಆ ಕಾಯ್ದೆ ಈಗ ಮೊದಲಿನಂತಿಲ್ಲ. 2019ರ ತಿದ್ದುಪಡಿ ಮಾಹಿತಿ ಆಯುಕ್ತರ ಅವಧಿ ಮತ್ತು ವೇತನವನ್ನು ಕೇಂದ್ರದ ಕೈಗೆ ಕೊಟ್ಟಿತು. 2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಸೇರಿಸಿದ ಒಂದು ಸೆಕ್ಷನ್ ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ವಿನಾಯಿತಿಯನ್ನು ಬಹಳ ಹಿಗ್ಗಿಸುತ್ತದೆ. ಸಿಂಗ್ ಅವರ ಗೌರವಕ್ಕಾಗಿ ಡಿಸೆಂಬರ್‌ನಲ್ಲಿ ಬೀದಿಗಿಳಿದ ಪಕ್ಷ ಈ ತಿದ್ದುಪಡಿಯ ಬಗ್ಗೆ ಅದೇ ಕಾವಿನಿಂದ ಮಾತಾಡಿದ್ದರೆ ಅದು ಅವರಿಗೆ ಹೆಚ್ಚು ಸಲ್ಲುತ್ತಿತ್ತು.

ಮುಂದೆ ಏನಾಗಬಹುದು

ಸಿಂಗ್ ಅವರ ಸ್ಮಾರಕಕ್ಕೆ ಯಮುನಾ ದಂಡೆಯಲ್ಲೇ ಜಾಗ ಸಿಗುವ ಸಾಧ್ಯತೆ 2025ರ ಜನವರಿಯಲ್ಲೇ ಹೆಚ್ಚಾಗಿ ಕಂಡಿತ್ತು. ಪ್ರಣವ್ ಮುಖರ್ಜಿ ಅವರಿಗೆ ಕೊಟ್ಟಿರುವುದೂ ಸ್ಮೃತಿ ಸ್ಥಳದ ಆವರಣದಲ್ಲೇ ಆದ್ದರಿಂದ 2013ರ ನೀತಿ ಆ ಮಟ್ಟಿಗೆ ಉಳಿಯುತ್ತದೆ. ಟ್ರಸ್ಟಿನಲ್ಲಿ ಕುಟುಂಬದವರು ಇರುತ್ತಾರೋ ಪಕ್ಷದವರೋ ಎಂಬುದು ಮುಖ್ಯ. ಚಿತಾಭಸ್ಮ ವಿಸರ್ಜನೆಗೆ ಕಾಂಗ್ರೆಸ್ ನಾಯಕರು ಬರಲಿಲ್ಲ ಎಂದು ಬಿಜೆಪಿ ಟೀಕಿಸಿದಾಗ, ಕುಟುಂಬದ ಏಕಾಂತವನ್ನು ಗೌರವಿಸಿದ್ದೇವೆ ಎಂದು ಕಾಂಗ್ರೆಸ್ ಉತ್ತರಿಸಿತ್ತು. ಟ್ರಸ್ಟಿನ ವಿಷಯದಲ್ಲೂ ಪಕ್ಷ ಅದೇ ಅಂತರ ಕಾಯ್ದುಕೊಂಡರೆ ಒಳ್ಳೆಯದು.

ಕಾಯ್ದೆ ಬಾರದಿದ್ದರೆ ಪ್ರತಿ ದೊಡ್ಡ ಸಾವಿನ ನಂತರದ ಒಂದೆರಡು ದಿನ ಹೀಗೇ ಚೌಕಾಶಿಯಲ್ಲಿ ಕಳೆಯುತ್ತವೆ. ದುಃಖದಲ್ಲಿರುವ ಕುಟುಂಬದ ಮುಂದೆಯೇ ಅದು ನಡೆಯುತ್ತದೆ. ರಾಜ್ಯಗಳಲ್ಲೂ ಇದನ್ನು ನೋಡಿದ್ದೇವೆ. 2018ರ ಆಗಸ್ಟ್ 7ರಂದು ಕರುಣಾನಿಧಿ ತೀರಿಕೊಂಡಾಗ ಮರೀನಾ ಕಡಲ ದಂಡೆಯಲ್ಲಿ ಜಾಗ ಕೊಡಲು ಅಂದಿನ ಎಐಎಡಿಎಂಕೆ ಸರ್ಕಾರ ಒಪ್ಪಲಿಲ್ಲ. ಮದ್ರಾಸ್ ಹೈಕೋರ್ಟ್ ರಾತ್ರಿಯೇ ವಿಚಾರಣೆ ಆರಂಭಿಸಿ ಮರುದಿನ ಬೆಳಿಗ್ಗೆ ಅನುಮತಿ ಕೊಟ್ಟ ಮೇಲೆ ಅಂತ್ಯಸಂಸ್ಕಾರ ನಡೆಯಿತು. ಹೆಣ ಮುಂದಿಟ್ಟುಕೊಂಡು ಕೋರ್ಟಿಗೆ ಹೋಗಬೇಕಾದ ಸ್ಥಿತಿ ಯಾವ ಕುಟುಂಬಕ್ಕೂ ಬರಬಾರದು.

ಪರಿಹಾರ ಕಠಿಣವೇನಲ್ಲ. ನಿರ್ದಿಷ್ಟ ಹುದ್ದೆಗಳಲ್ಲಿದ್ದವರ ಅಂತ್ಯಕ್ರಿಯೆಗೆ ಸ್ಮೃತಿ ಸ್ಥಳವನ್ನು ಕುಟುಂಬದ ಒಪ್ಪಿಗೆಯ ಮೇಲೆ ತಾನಾಗಿಯೇ ಒದಗಿಸುವುದು, ಎಲ್ಲರಿಗೂ ಒಂದೇ ಅಳತೆಯ ಜಾಗ ಕೊಡುವುದು, ಅದರಾಚೆಗಿನ ಯಾವುದೇ ದೊಡ್ಡ ಸ್ಮಾರಕಕ್ಕೆ ಕಾಲದ ಅಂತರ ಇಡುವುದು. ವಾಷಿಂಗ್ಟನ್ ನಗರದ ಕೇಂದ್ರ ಸರ್ಕಾರಿ ಜಮೀನಿನಲ್ಲಿ ವ್ಯಕ್ತಿಯ ಸ್ಮಾರಕಕ್ಕೆ ಸಾವಿನ ನಂತರ 25 ವರ್ಷ ಕಾಯಬೇಕೆಂಬ ನಿಯಮ 1986ರ ಕಾಯ್ದೆಯಲ್ಲಿದೆ. ಅಷ್ಟು ಕಾಲ ಕಳೆದ ಮೇಲೂ ಜನರಿಗೆ ಬೇಕೆನಿಸಿದರೆ ಕಟ್ಟಲಿ. ಜೊತೆಗೆ ಪ್ರಧಾನಿ ಮತ್ತು ರಾಷ್ಟ್ರಪತಿಗಳ ಕಾಗದಪತ್ರಗಳು ಹುದ್ದೆ ಬಿಟ್ಟ ಕೂಡಲೇ ರಾಷ್ಟ್ರೀಯ ಪತ್ರಾಗಾರಕ್ಕೆ ಸೇರಬೇಕೆಂಬ ನಿಯಮವೂ ಅದೇ ಮಸೂದೆಯಲ್ಲಿ ಬರಲಿ. ಮೊದಲ ಭಾಗಕ್ಕೆ ಎರಡೂ ಪಕ್ಷಗಳು ಒಪ್ಪಬಹುದು. ಎರಡನೆಯದಕ್ಕೆ ಒಪ್ಪುವುದು ಇಬ್ಬರಿಗೂ ಕಷ್ಟ, ಏಕೆಂದರೆ ಅದು ನೆಹರೂ ಅವರ ಪೆಟ್ಟಿಗೆಗಳಿಗೆ ಅನ್ವಯಿಸಿದಂತೆಯೇ ಇಂದಿನ ಪ್ರಧಾನಿ ಕಚೇರಿಗೂ ಅನ್ವಯಿಸುತ್ತದೆ.

ಈಗಿರುವ ನಿಯಮದ ಪ್ರಕಾರವೇ ಲೆಕ್ಕ ಹಾಕಿದರೂ, 2004ರ ಮೇ 22ರಂದು ಮನಮೋಹನ್ ಸಿಂಗ್ ಪ್ರಧಾನಿಯಾದ ಮೊದಲ ದಿನಗಳ ಕಡತಗಳಿಗೆ 25 ವರ್ಷ ತುಂಬುವುದು 2029ರ ಮೇ ತಿಂಗಳಲ್ಲಿ. ಲೋಕಸಭಾ ಚುನಾವಣೆ ಬರುವುದೂ ಅದೇ ಹೊತ್ತಿಗೆ. ಪ್ರಧಾನಿ ಕಚೇರಿ ಆ ಕಡತಗಳನ್ನು ಪತ್ರಾಗಾರಕ್ಕೆ ಕಳಿಸುತ್ತದೆಯೇ, ಕಳಿಸಿದರೆ ಯಾವುದನ್ನು ತಡೆಹಿಡಿಯುತ್ತದೆ ಎಂದು ಅಂದಿನ ವಿರೋಧ ಪಕ್ಷ ಯಾವುದೇ ಆಗಿರಲಿ, ಸಂಸತ್ತಿನಲ್ಲಿ ಕೇಳಬೇಕು.